ದೇವರಿಗೊಂದು ಮೊಳೆ

ಇವತ್ತು ನಮ್ಮ ಸ್ವಂತ ಮನೆಯ ಮಹಡಿಗೆ ಬಾಡಿಗೆಗೆ ಬಂದವರ ಟ್ರಂಕಿನಿಂದ ಡಾಂಬರ ಗುಳಿಗೆಯ ವಾಸನೆ ಬಂತು. ನಾನು ಸೀದಾ ಬಾಲ್ಯದ ಶಹಾಪುರಕ್ಕೆ ಹೋಗಿಬಿಟ್ಟೆ.

ಅಪ್ಪ ಶಾಲೆಯ ಮಾಸ್ತರರು, ವರ್ಗವಾದಲ್ಲೆಲ್ಲ ಬಾಡಿಗೆ ಮನೆ. ಸುರಪುರದ ಮಾಲಕ ನಾವು ತುಂಬುವ ನೀರಿನ ಕೊಡ ಎಣಿಸುತ್ತಿದ್ದ. ಯಾದಗಿರಿಯವನು ಬಾಗಿಲಲ್ಲಿದ್ದ ಚಪ್ಪಲಿ ನೋಡಿ ನೆಂಟರೆಷ್ಟು ಎಂದು ಕೇಳುತ್ತಿದ್ದ. ಅವರಿಗೆಲ್ಲ ನಾವು ಹೆದರಲಿಲ್ಲ. ಹೆದರಿದ್ದು ಶಹಾಪುರದ ಒಳ್ಳೆಯ ಮಾಲಕಿಗೆ.

ಗೋಡೆಗೆ ಮೊಳೆ ಹೊಡೆಯಬಾರದು ಎಂಬುದೊಂದೇ ಆಕೆಯ ಕರಾರು. ಅವ್ವನಿಗೆ ಅದರಿಂದ ನೆಮ್ಮದಿಯೇ ಆಗಿತ್ತು. ನಮ್ಮ ಬುದ್ಧನ ಫೋಟೋ ಟ್ರಂಕಿನಲ್ಲಿ, ಡಾಂಬರ ಗುಳಿಗೆಗಳ ನಡುವೆ ಇತ್ತು. ಅದು ಕಂಡರೆ ಜಾತಿ ತಿಳಿಯುತ್ತದೆ, ಜಾತಿ ತಿಳಿದರೆ ಮನೆ ಹೋಗುತ್ತದೆ.

ಒಂದು ದಿನ ಮಾಲಕಿ ಸುತ್ತಿಗೆ ಹಿಡಿದು ಒಳಗೇ ಬಂದರು. "ಗ್ವಾಡಿ ಭಣಭಣ ಅನ್ನಾಕತ್ತೈತಲ್ಲವ್ವ. ದೇವ್ರ ಫೋಟೋಕ್ಕ ಒಂದ್ ಮೊಳಿ ನಾನೇ ಹೊಡೀತೀನಿ, ತಗೊಂಬಾ."

ನಾನು ಓಡಿಹೋಗಿ ಟ್ರಂಕಿನ ಮೇಲೆ ಕುಳಿತೆ.

"ಊರಾಗ ಐತ್ರಿ, ತರ್ತೀವ್ರಿ," ಎಂದಳು ಅವ್ವ.

ಮೊಳೆ ಗೋಡೆಯಲ್ಲಿ ಖಾಲಿ ಉಳಿಯಿತು. ಬಂದಾಗಲೆಲ್ಲ ಮಾಲಕಿ ಪ್ರೀತಿಯಿಂದಲೇ ಕೇಳುತ್ತಿದ್ದರು, "ತಂದ್ರೇನವ್ವ?" ಆ ಪ್ರೀತಿ ತಡೆಯಲಾರದೆ ಮೂರನೇ ತಿಂಗಳಿಗೆ ನಾವು ಮನೆ ಬಿಟ್ಟೆವು.

ಇವತ್ತು ಹೊಸಬರಿಗೆ ಬೇಕಾದೀತೆಂದು ನಾನೇ ಸುತ್ತಿಗೆ, ಮೊಳೆ ಹಿಡಿದು ಮೆಟ್ಟಿಲು ಹತ್ತಿದೆ. ನನ್ನನ್ನು ಕಂಡದ್ದೇ ಅವರ ಪುಟ್ಟ ಮಗಳು ಓಡಿಹೋಗಿ ಟ್ರಂಕಿನ ಮೇಲೆ ಕುಳಿತಳು.

ಸುತ್ತಿಗೆಯನ್ನು ಬೆನ್ನ ಹಿಂದೆ ಮರೆಮಾಡಿ, "ಕೆಳಗ ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ನೋಡಾಕ ಬಾರವ್ವ," ಎಂದೆ.

ಹುಡುಗಿ ಇಳಿಯಲಿಲ್ಲ. ತಾಯಿಯ ಮುಖ ನೋಡಿದಳು.