ಪುಟ್ಟಲಕ್ಷ್ಮಮ್ಮ ಅಳದೆ ಕೂತ ದಿನ

ನಮ್ಮ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಅರಕಲಗೂಡು ಕಡೆಯವಳು. ಹಿರೀಸಾವೆ ಹತ್ತಿರದ ನಮ್ಮೂರಿಗೆ ಮದುವೆಯಾಗಿ ಬಂದು ಆರು ವರ್ಷಕ್ಕೇ ಗಂಡ ತೀರಿಕೊಂಡ. ಅವಳಿಗೆ ಉಳಿದದ್ದು ಮಗಳು ವಿಜಯ ಮತ್ತು ಒಂದು ಕಪಿಲೆ ಹಸು. ಅಂಥ ಕಂದು ಬಣ್ಣದ ಹಸು ಊರಿಗೆಲ್ಲ ಅದೊಂದೇ. ಹಾಲು ಮಾರಿ, ಕೂಲಿ ಮಾಡಿ ಮಗಳನ್ನು ಸಾಕುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಅಕ್ಕಾ ಎನ್ನುತ್ತಿದ್ದೆ.

ಮಡಿ ಎಂದರೆ ಅವಳಿಗೆ ಪ್ರಾಣ. ಮುಟ್ಟಾದ ಮೂರು ದಿನ ಹಿತ್ತಿಲ ಸೋಗೆಯಡಿ ಮಲಗುವಳು. ಹಸುವನ್ನೂ ಮುಟ್ಟುತ್ತಿರಲಿಲ್ಲ, ನನ್ನ ಹೆಂಡತಿ ಹೋಗಿ ಹಾಲು ಕರೆಯಬೇಕು.

"ಈ ಚಳೀಲಿ ಯಾರಕ್ಕಾ ನೋಡೋರು? ಒಳಿಕ್ಕೆ ಬಾ" ಎಂದು ನಾನು ರೇಗಿದರೆ, "ಗುಡಿ ರಂಗಪ್ಪ ನೋಡ್ತಾನೆ ಕಣ್ಲಾ. ಅವ್ನಿಗೇನು ನಿನ್ನಂಗೆ ಕಣ್ಣು ಮಂಜಾ?" ಎನ್ನುವಳು.

ಐವತ್ತೆಂಟನೇ ಇಸವಿ. ರಂಗಪ್ಪನ ಗುಡಿಯನ್ನು ಹೊಸದಾಗಿ ಕಟ್ಟಿ ಪ್ರತಿಷ್ಠೆಗೆ ದಿನ ಇಟ್ಟಿದ್ದರು. ಹೊಳೆನರಸೀಪುರದಿಂದ ಬಂದ ಪುರೋಹಿತರು ಅಭಿಷೇಕಕ್ಕೆ ಕಪಿಲೆ ಹಾಲೇ ಆಗಬೇಕು ಎಂದರು. ಅದನ್ನು ಕೇಳಿದ ಮೇಲೆ ಅಕ್ಕನನ್ನು ಹಿಡಿಯುವವರೇ ಇಲ್ಲ. ಕೊಟ್ಟಿಗೆಯನ್ನು ದಿನಕ್ಕೆರಡು ಸಲ ಸಾರಿಸಿದಳು.

ಪ್ರತಿಷ್ಠೆಯ ದಿನ ಬೆಳಿಗ್ಗೆಯೇ ವಿಜಯ ಹೋಗಿಬಿಟ್ಟಳು. ಐದು ವರ್ಷದ ಮಗು. ಎಂಟು ದಿನದಿಂದ ನಾಯಿಕೆಮ್ಮು. ಅಕ್ಕ ಗೋಡೆ ಬಡಿದ ಸದ್ದಿಗೆ ನಾನು ಓಡಿದೆ. ಮಗು ತೊಡೆಯ ಮೇಲಿತ್ತು. ಅವಳು ಅಳಲು ಬಾಯಿ ತೆರೆಯುವಷ್ಟರಲ್ಲಿ ಊರಗೌಡ ಹುಲಿಯಪ್ಪ ಹಾಲಿಗೆಂದು ಬಂದ. ಒಳಗೆ ನೋಡಿದವನೇ ಹಿಂದಿನಿಂದ ಬಾಗಿಲು ಎಳೆದುಕೊಂಡ. ಊರಲ್ಲಿ ಹೆಣ ಇದ್ದರೆ ಅದು ಮಣ್ಣಾಗುವವರೆಗೆ ಗುಡಿ ಬಾಗಿಲು ತೆರೆಯುವಂತಿಲ್ಲ, ಪೂಜೆ ಮಾಡುವಂತಿಲ್ಲ.

"ಅಳಬ್ಯಾಡ ಕಣವ್ವ" ಎಂದ. "ಅನ್ನೊಂದು ಗಂಟೆಗೆ ಮೂರ್ತ. ಪುರೋಯ್ತರು ಕುಂತವ್ರೆ. ಅಳು ಕೇಳುಸ್ದ್ರೆ ತಾನೆ ಸೂತ್ಕ? ಕೇಳುಸ್ದೆ ಇದ್ರೆ ಇಲ್ಲ."

"ಹಾಲು?" ಎಂದಳು ಅಕ್ಕ.

"ಹಾಲೂ ಬೇಕು."

ಅಕ್ಕ ಕೈ ಮುಗಿದಳು. "ಹೆಣದ ಮನೆ ಹಾಲ ಅವನ ತಲೆ ಮ್ಯಾಲೆ ಉಯ್ಯದಾ? ಬ್ಯಾಡಿ ಗೌಡ್ರೇ, ನಿಮ್ಮ ಕಾಲು ಇಡ್ಕತೀನಿ. ಮಗೀನ ಮಣ್ಣು ಮಾಡ್ಕೊಡಿ, ಊರೇ ಬುಟ್ಟು ಓಯ್ತೀನಿ."

"ನೀನು ಅಳೋಗಂಟ ಅದು ಹೆಣ ಅಲ್ಲ. ನಾನು ಯೋಳ್ತಾ ಇಲ್ವಾ?"

ಅವಳು ನನ್ನ ಮುಖ ನೋಡಿದಳು. ಎಲ್ಲರ ಮೇಲೂ ಹಾರಾಡುವ ನನ್ನ ನಾಲಿಗೆ ಅವತ್ತು ಎಲ್ಲಿ ಸತ್ತಿತ್ತೋ, ಥೂ! ಹಸು ಕರೆದವನು ನಾನೇ. ಚೊಂಬು ಹೊತ್ತು ಗುಡಿಗೆ ಕೊಟ್ಟವನೂ ನಾನೇ.

ಮಧ್ಯಾಹ್ನ ಬಂದು ನೋಡಿದರೆ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಒಂದು ಕೈಯಲ್ಲಿ ಮಗುವಿನ ಮುಖದ ನೊಣ ಓಡಿಸುತ್ತಿದ್ದಳು. ಗುಡಿ ಕಡೆಯಿಂದ ಓಲಗದ ಸದ್ದು. ಸೆರಗು ತೆಗೆದು, "ಉಯ್ದ್ರಾ?" ಎಂದಳು.

"ಉಯ್ದ್ರು ಕಣಕ್ಕ."

ಮತ್ತೆ ಸೆರಗು ತುರುಕಿಕೊಂಡಳು.

ಊರೆಲ್ಲ ಉಂಡು ಎಲೆ ಎತ್ತಿದ ಮೇಲೆ ಹುಲಿಯಪ್ಪ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದ. "ಎಲ್ಲಾ ಸಾಂಗವಾಗಿ ಮುಗೀತು. ಇನ್ನ ಅಳವ್ವ."

ಅವಳು ಅಳಲಿಲ್ಲ. ದೊಡ್ಡತಾಯಮ್ಮ ಎಂಬ ಮುದುಕಿ ಬೆನ್ನಿಗೆ ಗುದ್ದಿ, "ಅಳೇ, ಎತ್ತೋಳಲ್ವಾ ನೀನು? ಕಲ್ಲಾ?" ಎಂದಳು.

"ಅತ್ರೆ ಮಗಿ ಹೆಣ ಆಯ್ತದಂತೆ" ಎಂದಳು ಅಕ್ಕ. "ನನ್ನ ಹಾಲು ರಂಗಪ್ಪನ ತಲೆ ಮ್ಯಾಲೆ ಅದೆ. ನಾನು ಅಳಾಕಿಲ್ಲ."

ಹೊಲದ ಬೇಲಿ ಪಕ್ಕ ನಾನೇ ಗುಂಡಿ ತೋಡಿದೆ. ಅವಳು ಮೂರು ಹಿಡಿ ಮಣ್ಣು ಹಾಕಿದಳು. ಒಂದು ಹನಿ ನೀರು ಕಣ್ಣಿನಿಂದ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ತಾನೇ ಹಾಲು ಕರೆದು, ಚೊಂಬು ಹಿಡಿದು ಗುಡಿಗೆ ಹೊರಟಳು. ಏನು ಮಾಡಿಕೊಳ್ಳುತ್ತಾಳೋ ಎಂದು ನಾನೂ ಹಿಂದೆ ಹೋದೆ. ಹುಲಿಯಪ್ಪ ಮೆಟ್ಟಿಲ ಮೇಲಿದ್ದ. ಕೈ ಅಡ್ಡ ಚಾಚಿದ.

"ಅಲ್ಲೇ ನಿಂತ್ಕೊ! ಸೂತ್ಕದೋಳು ಗುಡಿತಾವ ಬರಬೌದಾ? ಅನ್ನೊಂದು ದಿನ ಈ ಕಡೆ ತಲೆ ಆಕ್ಬ್ಯಾಡ."

"ನಾನು ಅತ್ತಿಲ್ಲ ಗೌಡ್ರೇ."

"ಅತ್ರೇನು ಬುಟ್ರೇನು, ಮಗಿ ಸತ್ತಿಲ್ವಾ?"

ಅಕ್ಕ ಚೊಂಬು ಕೆಳಗಿಟ್ಟಳು. "ಯಾವಾಗ ಸತ್ತುದ್ದು ಗೌಡ್ರೇ? ಹಾಲು ಉಯ್ಯಕ್ ಮುಂಚೇನಾ, ಆಮ್ಯಾಕಾ?"

ಒಳಗಿದ್ದ ಪುರೋಹಿತರು ಮಾತು ಕೇಳಿಸಿಕೊಂಡು ಹೊಸ್ತಿಲಿಗೆ ಬಂದರು. "ಏನದು? ಯಾವ ಹಾಲು?" ನಾನು ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಒಂದು ದಿನ ತಡವಾಗಿ ಹೇಳಿದೆ. ಪುರೋಹಿತರು ಎರಡು ಹೆಜ್ಜೆ ಹಿಂದೆ ಸರಿದು ಹೊಸ ಬಾಗಿಲು ಹಾಕಿಕೊಂಡರು.

ಆಗ ಅವಳಿಗೆ ಅಳು ಬಂತು. ಅಂಥ ಅಳು ನಾನು ಕೇಳಿಲ್ಲ. ಮೆಟ್ಟಿಲ ಮೇಲೆ ಬಿದ್ದು, ವಿಜೀ ಎಂದು ಒಮ್ಮೆ, ರಂಗಪ್ಪ ಎಂದು ಒಮ್ಮೆ ಕೂಗಿದಳು. ನಾನು ಹುಲಿಯಪ್ಪನ ಕೊರಳಪಟ್ಟಿಗೆ ಕೈ ಹಾಕಿದೆ. ನಾಲ್ಕು ಜನ ನನ್ನನ್ನು ಎಳೆದರು. ಅವಳು ಯಾವುದನ್ನೂ ನೋಡಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಮುಚ್ಚಿದ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ತಪ್ಪಾಯ್ತು ಕಣೋ ನನ್ನಪ್ಪ... ತೊಳ್ಕಳೋ, ತಲೆ ತೊಳ್ಕಳೋ..."