ನಿಧಾನವಾಗಿ ಓಡಬೇಕಾದ ಹೋರಿ

ಶಿಬಿರ ನಡೆದ ಶಾಲೆಗೆ ಹೆಂಚಿನ ಮಾಡಿತ್ತು. ಅಥವಾ ಹೆಂಚೇ ಇರಲಿಲ್ಲವೋ ಏನೋ. ನಾನು ಚಿಕ್ಕವನಿದ್ದಾಗ ನೋಡಿದ ಎಲ್ಲ ಶಾಲೆಗಳಿಗೂ ನನ್ನ ನೆನಪು ತಾನಾಗಿಯೇ ಹೆಂಚು ಹೊದಿಸಿಬಿಡುತ್ತದೆ. ಸೆಕೆ ಮಾತ್ರ ನಿಜ. ಸೊರಬದ ಆ ಬೇಸಿಗೆ ಶಿಬಿರದಲ್ಲಿ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಬಣ್ಣದ ಕಾಗದ ಅಂಟಿಸಲು ಕುದಿಸಿಟ್ಟ ಮೈದಾ ಅಂಟಿನ ಹುಳಿ ವಾಸನೆ ಮೂಗು ಬಿಟ್ಟು ಹೋಗುತ್ತಿರಲಿಲ್ಲ. ಮತ್ತೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಅದೂ ನಿಜ.

ಅದು ತೊಂಬತ್ತರ ದಶಕ. ನಮ್ಮೂರು ಶಿಕಾರಿಪುರದ ಕಡೆ, ಅಂಜನಾಪುರದ ಕಾಲುವೆ ನೀರು ಹರಿಯುವಲ್ಲಿ. ಅಕ್ಕನನ್ನು ಸೊರಬಕ್ಕೆ ಕೊಟ್ಟಿದ್ದರು. ಆ ಅಕ್ಕನೇ ನಿಮ್ಮ ಅಜ್ಜಿ. ಅವಳ ಮೊಮ್ಮಕ್ಕಳಾದ ನೀವು ನನ್ನನ್ನೂ ಅಜ್ಜ ಎನ್ನುತ್ತೀರಿ, ನನ್ನ ತಲೆ ಇನ್ನೂ ಪೂರ್ತಿ ನರೆಯದಿದ್ದರೂ. ಮನೆಯಲ್ಲಿದ್ದರೆ ರಜೆಯೆಲ್ಲ ನಮ್ಮ ಹೋರಿಯ ಹಿಂದೆಯೇ ತಿರುಗುತ್ತೇನೆಂದು ಅಪ್ಪ ನನ್ನನ್ನು ಅಕ್ಕನ ಮನೆಯಲ್ಲಿ ಬಿಟ್ಟು, ಶಿಬಿರಕ್ಕೆ ಸೇರಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಶಿಬಿರದ ಸರ್ ಹೊರಗಿನ ಊರಿನವರು, ನಾಟಕ ಕಲಿತವರು. ಸುಡುವ ಅಂಗಳದಲ್ಲೂ ಬರಿಗಾಲಲ್ಲಿ ಓಡಾಡುತ್ತಿದ್ದರು. "ಇಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ" ಎಂದರು. ಎರಡೂ ಇಲ್ಲದ ಮೇಲೆ ಆಡುವುದು ಏನನ್ನು? ಬೆಳಿಗ್ಗೆ ನಮ್ಮನ್ನು ಮರ ಮಾಡಿದರು, ಊಟಕ್ಕೆ ಮುಂಚೆ ಹೊಗೆ ಮಾಡಿದರು. ನಾನು ಹೊಗೆಯಾಗಿ ನಿಂತಿದ್ದಾಗ ಕಾಲಿಗೆ ಇರುವೆ ಕಚ್ಚಿತು. ಹೊಗೆ ಕಾಲು ಕೆರೆದುಕೊಳ್ಳಬಾರದಂತೆ.

ಮರುದಿನವೋ ಅದರ ಮರುದಿನವೋ, ನಿಮ್ಮೂರಿನ ಆಟ ಹೇಳಿ ಎಂದರು. ನಾನು ಹೋರಿ ಬೆದರಿಸುವುದನ್ನು ಹೇಳಿದೆ. ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಸರ ಕಿತ್ತವನು ಗೆದ್ದ. ಯಾರ ಕೈಗೂ ಸಿಗದಿದ್ದರೆ ಹೋರಿ ಗೆದ್ದಿತು. ನಮ್ಮ ಹೋರಿಯ ಸರವನ್ನು ಯಾರೂ ಕಿತ್ತಿರಲಿಲ್ಲ. ಅಪ್ಪ ಊರಲ್ಲಿ ಎದೆಯೆತ್ತಿ ನಡೆಯುತ್ತಿದ್ದುದು ಅದರಿಂದಲೇ ಎಂದು ನಾನು ನಂಬಿದ್ದೆ.

ಸರ್ ಕುಣಿದಾಡಿದರು. "ಇದನ್ನೇ ನಾಟಕ ಮಾಡೋಣ. ನೀನೇ ಹೋರಿ!"

ರಟ್ಟಿನ ಕೊಂಬು ತಯಾರಾಯಿತು. ಸರವನ್ನು ಅಕ್ಕ ನಿಜವಾದ ಕೊಬ್ಬರಿಯಲ್ಲೇ ಪೋಣಿಸಿಕೊಟ್ಟಳು. ಅದನ್ನು ಕೊರಳಿಗೆ ಹಾಕಿಕೊಂಡು, ಒಂದು ಸಲ ಮಣ್ಣು ಕೆರೆದು, ಓಡಿದೆ. ಸರ್ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

"ನಿಧಾನ ಕಣಪ್ಪ. ನೀರೊಳಗೆ ಓಡ್ತಾ ಇದ್ದೀಯ ಅಂದ್ಕೋ."

"ಹೋರಿ ನಿಧಾನ ಓಡಂಗಿಲ್ಲ ಸಾರ್."

"ನಾಟಕದಲ್ಲಿ ಓಡುತ್ತೆ."

ಎಲ್ಲರೂ ನಿಧಾನ. ಬೆನ್ನಟ್ಟುವವರೂ ನಿಧಾನ. ಕೊನೆಗೆ ಸೊರಬದ ಒಬ್ಬ ಉದ್ದನೆಯ ಹುಡುಗ ನನ್ನ ಸರ ಬಿಚ್ಚಿ, ಕೊಬ್ಬರಿಯನ್ನು ಎಲ್ಲರಿಗೂ ಹಂಚಬೇಕು. ಅದು ಸರ್ ಹೆಣೆದ ಕಥೆ. ಅಭ್ಯಾಸದಲ್ಲಿ ಆ ಹುಡುಗ ನನ್ನ ಕಿವಿಯ ಹತ್ತಿರ ಬಂದು, "ಏನೋ, ನಿಮ್ಮ ಶಿಕಾರಿಪುರದ ಹೋರಿ ಬಸ್ಸಿಗೆ ಕಾಯ್ತಾ ಇದೆಯೇನೋ?" ಎನ್ನುತ್ತಿದ್ದ. ಕೊಂಬು ಅಲ್ಲಾಡಿಸುವುದು ಬಿಟ್ಟರೆ ನಾನು ಏನೂ ಮಾಡುವಂತಿರಲಿಲ್ಲ. ಅದನ್ನೂ ನಿಧಾನವಾಗಿ.

ವಾರದ ಕೊನೆಗೆ ಅಪ್ಪ ಅಮ್ಮಂದಿರು ನೋಡಲು ಬರುತ್ತಾರೆ ಎಂದು ಸರ್ ಹೇಳಿದರು. ಅಪ್ಪನ ಕಣ್ಣೆದುರು, ನಮ್ಮ ಮನೆಯ ಹೋರಿ ಸಿಕ್ಕಿಬೀಳುವುದೇ?

"ಅಪ್ಪಗ ಬರಬ್ಯಾಡ ಅಂತ ಹೇಳಕ್ಕಾ."

"ಯಾಕೋ? ನಿನ್ನ ಕೊಂಬು ನೋಡಿ ಹೆದರ್ಕೊಳ್ತಾನಾ?" ಎಂದು ಅಕ್ಕ ನಕ್ಕಳು.

ಅಪ್ಪ ಬಂದ. ಹೆಗಲ ಮೇಲಿನ ಟವೆಲಿನಿಂದ ಬೆಂಚು ಒರೆಸಿ ಮುಂದಿನ ಸಾಲಿನಲ್ಲೇ ಅಕ್ಕನ ಪಕ್ಕ ಕೂತ. ಹಲಗೆ ಬಾರಿಸಿದರು. ನಾನು ನೀರೊಳಗೆ ಓಡತೊಡಗಿದೆ. ಉದ್ದನೆಯ ಹುಡುಗನ ಕೈ ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ಕೊರಳ ಕಡೆ ಬರುತ್ತಿತ್ತು. ಅವನ ಉಗುರಿನ ಮಣ್ಣು ಕಾಣುತ್ತಿತ್ತು. ಅಷ್ಟು ಹತ್ತಿರ ಬಂದಾಗ ನಾನು ಓಡಿದೆ. ನಿಜವಾಗಿ ಓಡಿದೆ. ಅಂಗಳ ದಾಟಿ, ಗೇಟು ದಾಟಿ, ರಸ್ತೆಗೆ ಬಿದ್ದು, ಕಬ್ಬಿನ ಹಾಲಿನ ಗಾಡಿಯವರೆಗೂ.

ಹಿಂದೆ ತಿರುಗಿದರೆ ಯಾರೂ ಇಲ್ಲ. ಬೆನ್ನಟ್ಟುವವರೇ ಇಲ್ಲದ ಹೋರಿ ಎಷ್ಟು ಹೊತ್ತು ನಿಲ್ಲಬೇಕು? ಗಾಡಿಯವನು ನನ್ನ ಕೊಂಬು ನೋಡಿ, "ಏನ್ ಬೇಕ್ರೀ ಬಸವಣ್ಣ?" ಎಂದ. ನಾನು ವಾಪಸು ಬಂದೆ.

ನಾಟಕ ನಿಂತಿರಲಿಲ್ಲ. ನಾನಿಲ್ಲದ ಜಾಗದ ಸುತ್ತ ಹುಡುಗರು ನಿಧಾನವಾಗಿ ತಿರುಗುತ್ತಿದ್ದರು. ಉದ್ದನೆಯ ಹುಡುಗ ಇಲ್ಲದ ಸರದ ಇಲ್ಲದ ಗಂಟು ಬಿಚ್ಚಿದ. ಬರಿಗೈಯಿಂದ ಒಬ್ಬೊಬ್ಬರಿಗೂ ಹಂಚಿದ. ಅವರು ಬರಿಬಾಯಿ ಅಗಿದರು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ. ಯಾರ ಕೈಗೂ ಸಿಗದ ನಾನು ಗೇಟಿನಲ್ಲಿ ನಿಂತಿದ್ದೆ.

ಅಪ್ಪ ಎದ್ದು ಬಂದ. ನನ್ನ ಕೊರಳಿನ ಸರ ಬಿಚ್ಚಿ ಆ ಹುಡುಗನ ಕೈಗೆ ಕೊಟ್ಟ. ನನ್ನ ಸಿಟ್ಟು ಕಣ್ಣೀರಾಗಿ ಇಳಿಯಿತು.

ನಿಮ್ಮ ಶಿಬಿರಗಳಲ್ಲಿ ಫ್ಯಾನು ಇದೆ, ಒಂದೇ ಬಣ್ಣದ ಟೀ ಶರ್ಟು ಇದೆ, ಭಾಗವಹಿಸಿದ ಎಲ್ಲರಿಗೂ ಪದಕ ಇದೆ. ನೀವು ಮನೆ ಮುಟ್ಟುವ ಮುಂಚೆಯೇ ನಿಮ್ಮ ನಾಟಕ ನನ್ನ ಫೋನಿಗೆ ಬಂದಿರುತ್ತದೆ. ಏನು ನಡೆಯಿತೆಂದು ಜಗಳವಾದರೆ ವಿಡಿಯೊ ಹಿಂದಕ್ಕೆ ಓಡಿಸಿ ನೋಡುತ್ತೀರಿ. ನಮ್ಮ ಆ ಸಂಜೆಯನ್ನು ನೋಡಿದವರಲ್ಲಿ ನನ್ನ ಜೊತೆ ಮಾತಾಡಲು ಉಳಿದಿರುವುದು ನಿಮ್ಮ ಅಜ್ಜಿ ಒಬ್ಬಳೇ. ಅವಳನ್ನು ಕೇಳಿದರೆ ಬೇರೆಯೇ ಹೇಳುತ್ತಾಳೆ: ಅಪ್ಪ ಬೆಂಚು ಬಿಟ್ಟು ಏಳಲೇ ಇಲ್ಲವಂತೆ, ಸರ ಬಿಚ್ಚಿ ಕೊಟ್ಟವನು ನಾನೇ ಅಂತೆ. ಅಪ್ಪನ ಬೆರಳು ನನ್ನ ಕತ್ತಿಗೆ ತಾಗಿದ್ದು ನನಗೆ ಈಗಲೂ ಗೊತ್ತಾಗುತ್ತದೆ. ಆದರೆ ಅಕ್ಕ ಸುಳ್ಳು ಹೇಳುವವಳಲ್ಲ. ಕೊಟ್ಟವರು ಯಾರು ಎಂದು ನನಗೆ ಗೊತ್ತಿಲ್ಲ.