ಸರೋಜಕ್ಕನ ಆಲಿಕಲ್ಲು

"ಕೆಂಗೇರಿ ಕಡೆ ಮೋಡ ಕಟ್ತಿದೆ, ಸಂಜೆಗೆ ಗುಡುಗು ಮಳೆ ಬರಬಹುದು" ಎಂದು ನಮ್ಮ ಹವಾಮಾನದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫೋಟೋ ಹಾಕಿದ್ದಾರೆ. ನೋಡಿದೊಡನೆ ಸರೋಜಕ್ಕ ನೆನಪಾದಳು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ವಿಜಯನಗರದ ನಮ್ಮ ವಠಾರದ ಮಹಡಿ ಮೇಲಿನ ಕೋಣೆಯಲ್ಲಿ ಅವಳೊಬ್ಬಳೇ ಬಾಡಿಗೆಗಿದ್ದಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಬೇಸಿಗೆಯ ಭಾನುವಾರ ಮಧ್ಯಾಹ್ನ ನಾವಿಬ್ಬರೂ ತಾರಸಿಯಲ್ಲಿ ಕೂತು ನಾಯಂಡಹಳ್ಳಿ ಕಡೆಯ ಮೋಡ ಕಾಯುತ್ತಿದ್ದೆವು. ಅವಳು ಯಾವ ಸ್ಟೇಷನ್ನೂ ಸಿಗದ ಕಡೆಗೆ ರೇಡಿಯೋ ತಿರುಗಿಸಿ ಕಿವಿಗಿಟ್ಟುಕೊಳ್ಳುತ್ತಿದ್ದಳು. "ಚರಚರ ಅಂತಿದೆ ಕೇಳೇ. ಎಲ್ಲೋ ಮಿಂಚು ಹೊಡೀತಾ ಇದೆ."

ಒಂದು ಭಾನುವಾರ ಮಳೆ ಖಂಡಿತ ಎಂದಳು. ನಾನು ವಠಾರಕ್ಕೆಲ್ಲ ಸಾರಿ, ಒಣಹಾಕಿದ್ದ ಬಟ್ಟೆಯನ್ನೆಲ್ಲ ಒಳಗೆ ತರಿಸಿದೆ. ಒಂದು ಹನಿಯೂ ಬೀಳಲಿಲ್ಲ.

"ಮದ್ವೆ ಇಲ್ಲ, ಮಕ್ಳಿಲ್ಲ, ಮೋಡ ನೋಡ್ಕೊಂಡಿರ್ತಾಳೆ" ಎಂದರು ಪಕ್ಕದ ಮನೆಯ ಆಂಟಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೆಟ್ಟಿಲಲ್ಲಿ ನಿಂತಿದ್ದ ಸರೋಜಕ್ಕ ನನ್ನನ್ನು ನೋಡಿದಳು.

ಮುಂದಿನ ಭಾನುವಾರ ಆಲಿಕಲ್ಲು ಮಳೆ ಸುರಿಯಿತು. "ಪುಟ್ಟೀ, ಬಾರೇ, ಬಂತು ಕಣೇ!" ಎಂದು ಮೇಲಿನಿಂದ ಕೂಗಿದಳು. ನಾಚಿಕೆಯಿಂದ ನಾನು ಬಾಗಿಲ ಹಿಂದೆಯೇ ಉಳಿದೆ. ಮಳೆ ನಿಂತ ಮೇಲೆ ಮೆಲ್ಲಗೆ ಹತ್ತಿ ಹೋದಾಗ ಅವಳು ಲೋಟವೊಂದನ್ನು ಕೈಗಿಟ್ಟಳು.

"ನಿಂಗೇಂತ ಆರಿಸಿಟ್ಟಿದ್ದೆ ಕಣೇ. ಕರಗೋಯ್ತು."

ನಾನು ಆ ತಣ್ಣನೆಯ ನೀರನ್ನು ಕುಡಿದುಬಿಟ್ಟೆ.

ಶಾಲೆ ಶುರುವಾಗುವಷ್ಟರಲ್ಲಿ ಅವಳು ಕೋಣೆ ಖಾಲಿ ಮಾಡಿದ್ದಳು. ಎಲ್ಲಿಗೆ ಹೋಗುತ್ತೀಯೆಂದು ವಠಾರದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ದೂರದಲ್ಲಿ ಗುಡುಗುತ್ತಿದೆ. ಮೊಬೈಲು ಬದಿಗಿಟ್ಟು, ಒಬ್ಬಳೇ ತಾರಸಿಗೆ ಹೊರಟಿದ್ದೇನೆ.